ಮೃಚ್ಛಕಟಿಕದ ನ್ಯಾಯಸಭೆ

ಶೂದ್ರಕನ ಮೃಚ್ಛಕಟಿಕವನ್ನು ಪ್ರಣಯಕಥೆಯೆಂದು ಮೆಚ್ಚಿ ಮುಗಿಸುವವರು ಅದರ ಒಂಬತ್ತನೆಯ ಅಂಕವನ್ನು ಮತ್ತೊಮ್ಮೆ ಓದಬೇಕು. ಅಲ್ಲಿಯ ನ್ಯಾಯಾಧಿಕಾರಿಯು ದುಷ್ಟನಲ್ಲ. ಶಾಸ್ತ್ರಜ್ಞನು, ಚಾರುದತ್ತನಲ್ಲಿ ಆದರವುಳ್ಳವನು. ಆದರೂ, ಈ ದಿನ ವಿಚಾರಿಸಲಾಗದೆಂದು ತಾನೇ ತಳ್ಳಿದ್ದ ಶಕಾರನ ದೂರನ್ನು, ಆ ರಾಜಶ್ಯಾಲನು ಅರಸನಿಗೆ ಹೇಳಿ ಅಧಿಕಾರದಿಂದ ತೆಗೆಸುವೆನೆಂದು ಗದರಿಸಿದೊಡನೆ ಕೈಗೆತ್ತಿಕೊಂಡನು. ಅನ್ಯಾಯವು ಹೊಕ್ಕುದು ಅಲ್ಲಿಯೇ. ಮುಂದಿನದೆಲ್ಲ ಕ್ರಮವಾಗಿಯೇ ನಡೆಯಿತು: ಸಾಕ್ಷಿಗಳನ್ನು ಕೇಳಿದರು, ಕಾಯಸ್ಥನು ಬರೆದುಕೊಂಡನು, ಮೈತ್ರೇಯನ ಕಂಕುಳಿಂದ ವಸಂತಸೇನೆಯ ಒಡವೆಗಳು ಜಾರಿಬಿದ್ದುವು. ಅವಳು ಸತ್ತಳೆಂಬುದಕ್ಕೋ, ಮೃಗಗಳು ತಿಂದುಳಿಸಿದ ಯಾವಳೋ ಹೆಂಗಸಿನ ಅವಶೇಷವೇ ಸಾಕಾಯಿತು!

ಬ್ರಾಹ್ಮಣನಿಗೆ ವಧೆ ಸಲ್ಲದು, ಗಡಿಪಾರೇ ಯುಕ್ತವೆಂದು ನ್ಯಾಯಾಧಿಕಾರಿಯು ಮನುವಿನ ಮತವನ್ನು ಹೇಳಿಕಳುಹಿದನು. ಪಾಲಕರಾಜನು ಶೂಲವನ್ನೇ ವಿಧಿಸಿದನು. ಆ ಆಕ್ಷೇಪವೂ ಜಾತಿಯನ್ನು ಹಿಡಿದುದೇ ಹೊರತು ಸಾಕ್ಷ್ಯದ ಕೊರತೆಯನ್ನಲ್ಲ. ಶಾಸ್ತ್ರ ಓದಿದ ನನಗೆ ಇದು ಇಂದಿಗೂ ಚುಚ್ಚುತ್ತದೆ. ಮುಂದೆ ನಿಜ ಕಂಡಿದ್ದ ಸ್ಥಾವರಕನು ಕೂಗಿ ಹೇಳಿದರೂ, ದಾಸನ ಮಾತೆಂದು ಅದು ನಿಲ್ಲಲಿಲ್ಲ.

ಕಡೆಗೆ ವಸಂತಸೇನೆಯು ಜೀವಂತಳಾಗಿ ಬರುವುದನ್ನು ಕಾಕತಾಳೀಯವೆಂದು ಹಳಿಯುವವರುಂಟು. ಅವರು ವಧಕರ ಮಾತನ್ನು ಗಮನಿಸಿಲ್ಲ. ವಧ್ಯನನ್ನು ಅವಸರದಿಂದ ಕೊಲ್ಲಬೇಡವೆಂದು ತಂದೆಯು ಸಾಯುವಾಗ ಹೇಳಿದ್ದನ್ನು ನೆನೆದು ಅವರಲ್ಲೊಬ್ಬನು ತಡೆಯುತ್ತಾನೆ. ನ್ಯಾಯಸಭೆಯು ಕೊಡದ ಆ ಕಾಲಾವಕಾಶವನ್ನು ಕೊಲ್ಲುವವನು ಕೊಟ್ಟನು. ಅವಳು ಓಡಿಬಂದುದು ಅಷ್ಟರೊಳಗೆ.