ಹೆಚ್ಚಾದ ಅಕ್ಕಿ ಯಾರದ್ದು?

ನವೆಂಬರ್ ಬಂತಂದ್ರೆ ಬೆಂಗಳೂರಿನ ಐಟಿ ಆಫೀಸುಗಳ ಗೋಡೆ ಮೇಲೆ ಕಾಯಕದ ಪೋಸ್ಟರ್ ಕಾಣಿಸಿಕೊಳ್ಳುತ್ತೆ. ಕೆಲಸವನ್ನು ಕೈಲಾಸಕ್ಕೆ ಸಮ ಮಾಡಿದ ಆ ಎರಡು ಪದಗಳನ್ನು ನಾವು ಓದಿಕೊಳ್ಳೋದು ಒಂದೇ ರೀತಿ: ಇನ್ನೂ ಸ್ವಲ್ಪ ಹೆಚ್ಚು ಮಾಡು. ನೌಕರಿ ಬಿಟ್ಟು ಒಬ್ಬರೇ ಸ್ವಂತ ಕೆಲಸ ಹಿಡಿದ ಗೆಳೆಯರದ್ದಂತೂ ಕೇಳಬೇಡಿ. ವೆಬ್‌ಸೈಟ್ ಮಾಡಿಕೊಡೋನು ಲೋಗೋನೂ ಮಾಡ್ತಾನೆ, ಫೋಟೋನೂ ತೆಗೀತಾನೆ, ರಾತ್ರಿ ಹನ್ನೊಂದಕ್ಕೆ ಗಿರಾಕಿ ಫೋನೂ ಎತ್ತುತ್ತಾನೆ. ಯಾಕಪ್ಪಾ ಅಂದ್ರೆ ಕಾಯಕ ಅಂತಾನೆ.

ಆ ಮಾತು ಬಸವಣ್ಣನದ್ದು ಅಂತ ಬಹಳ ಜನ ತಿಳಿದಿದ್ದಾರೆ. ಅದು ಇರೋದು ಆಯ್ದಕ್ಕಿ ಮಾರಯ್ಯನ ವಚನದಲ್ಲಿ. ಮಾರಯ್ಯ ನಮ್ಮ ಕಡೆಯವನು. ನಾನು ಹುಟ್ಟಿ ಬೆಳೆದದ್ದು ಮಸ್ಕಿಗೂ ಲಿಂಗಸುಗೂರಿಗೂ ನಡುವಿನ ಒಂದು ಹಳ್ಳಿ. ಅವನ ಊರು ಲಿಂಗಸುಗೂರು ತಾಲೂಕಿನ ಗುರುಗುಂಟದ ಅಮರೇಶ್ವರ ಅಂತ ಪರಂಪರೆ ಹೇಳುತ್ತೆ. ಅವನ ಅಂಕಿತ ಅಮರೇಶ್ವರಲಿಂಗ. ಹೆಂಡತಿ ಲಕ್ಕಮ್ಮನ ಅಂಕಿತ ಮಾರಯ್ಯಪ್ರಿಯ ಅಮರೇಶ್ವರಲಿಂಗ. ಗಂಡ ಹೆಂಡತಿ ಇಬ್ಬರೂ ಕಲ್ಯಾಣಕ್ಕೆ ಹೋದರು. ಬಸವಣ್ಣನ ಮಹಾಮನೆಯ ಅಂಗಳದಲ್ಲಿ ಚೆಲ್ಲಿದ ಅಕ್ಕಿ ಆಯ್ದು ತರೋದು ಮಾರಯ್ಯನ ಕಾಯಕ. ಭತ್ತ ಕೊಯ್ದ ಮೇಲೆ ಗದ್ದೆಯಲ್ಲಿ ಉಳಿದ ಹಕ್ಕಲು ಆಯೋದನ್ನು ನೋಡಿದವರಿಗೆ ಇದೆಷ್ಟು ಸಣ್ಣ ಕೆಲಸ ಅಂತ ಬಿಡಿಸಿ ಹೇಳಬೇಕಿಲ್ಲ. ಬಂಡವಾಳ ಇಲ್ಲ, ಆಳಿಲ್ಲ, ಒಬ್ಬನದ್ದೇ ದುಡಿಮೆ.

ಇವರ ಕತೆ ಇರೋದು ಗೂಳೂರು ಸಿದ್ಧವೀರಣ್ಣೊಡೆಯರ ಶೂನ್ಯಸಂಪಾದನೆಯ ‘ಆಯ್ದಕ್ಕಿ ಮಾರಯ್ಯಗಳ ಸಂಪಾದನೆ’ ಅನ್ನೋ ಅಧ್ಯಾಯದಲ್ಲಿ. 12ನೇ ಶತಮಾನದ ವಚನಗಳಿಗೆ ಸುಮಾರು ಮೂರು ಶತಮಾನದ ನಂತರ ಕಟ್ಟಿದ ಚೌಕಟ್ಟು ಅದು. ಹಾಗಾಗಿ ಇದನ್ನ ನಡೆದ ಘಟನೆಯ ವರದಿ ಅಂತ ಓದೋದಕ್ಕಿಂತ, ವಚನಕಾರರ ನಡುವಿನ ಒಂದು ವಾದವನ್ನು ಆ ಕಾಲದ ಸಂಪಾದಕ ಹೇಗೆ ಅರ್ಥ ಮಾಡಿಕೊಂಡ ಅಂತ ಓದಿದರೆ ಲಾಭ ಜಾಸ್ತಿ.

ಕತೆಯಲ್ಲಿ ಲಕ್ಕಮ್ಮ ಎರಡು ಸಲ ಮಾರಯ್ಯನನ್ನು ತಡೆಯುತ್ತಾಳೆ. ಮೊದಲನೇ ಸಲ ಅವನು ಅನುಭಾವದ ಮಾತಿನಲ್ಲಿ ಮುಳುಗಿ ಕಾಯಕದ ಹೊತ್ತು ಮರೆತಿರುತ್ತಾನೆ, ಎಬ್ಬಿಸಿ ಕಳಿಸುತ್ತಾಳೆ. ಎರಡನೇ ಸಲ ಅವನು ದಿನಕ್ಕಿಂತ ಹೆಚ್ಚು ಅಕ್ಕಿ ಹೊತ್ತು ಬರುತ್ತಾನೆ. ಹೋಗಿ ಅಲ್ಲೇ ಸುರಿದು ಬನ್ನಿ ಅಂತಾಳೆ. ಪೋಸ್ಟರಿನವರಿಗೆ ಮೊದಲನೇ ತಡೆ ಮಾತ್ರ ಗೊತ್ತು. ಎರಡನೆಯದನ್ನು ಯಾವ ಎಚ್‌ಆರ್ ಗೋಡೆಗೆ ಅಂಟಿಸಿದ್ದನ್ನೂ ನಾನು ನೋಡಿಲ್ಲ. ಎರಡನ್ನೂ ಜೋಡಿಸಿ ಓದಿದರೆ ಕಾಯಕಕ್ಕೆ ಕೆಳಗಿನ ಗೆರೆ ಇರೋ ಹಾಗೆ ಮೇಲಿನ ಗೆರೆಯೂ ಇದೆ.

ಇಷ್ಟಕ್ಕೆ ನಿಲ್ಲಿಸಿದರೆ ಇದು ‘ಕಂಪನಿ ಆಫ್ ಒನ್’ ಪುಸ್ತಕದ ಕನ್ನಡ ಆವೃತ್ತಿ ಆಗುತ್ತೆ. ಪಾಲ್ ಜಾರ್ವಿಸ್ 2019ರಲ್ಲಿ ಬರೆದ ಆ ಪುಸ್ತಕ ನಮ್ಮಲ್ಲಿ ಎಷ್ಟೋ ಜನರ ಕಿಂಡಲ್‌ನಲ್ಲಿ ಇದೆ. ಬೆಳೆಯೋದೇ ಗುರಿ ಆಗಬೇಕಿಲ್ಲ, ಗಳಿಕೆಗೂ ಒಂದು ಮೇಲ್ಮಿತಿ ಹಾಕಿಕೋ, ಸಾಕಾದಷ್ಟು ಸಣ್ಣದಾಗಿರು ಅನ್ನೋದು ಅದರ ವಾದ. ಒಳ್ಳೇ ಪುಸ್ತಕ. ಆದರೆ ಅಲ್ಲಿ ಮಿತಿ ಹಾಕೋನೂ ನಾನೇ, ಮಿತಿ ಮುರಿಯೋನೂ ನಾನೇ. ಜನವರಿಯಲ್ಲಿ ಹಾಕಿಕೊಂಡ ಮಿತಿ ಮಾರ್ಚ್ ತಿಂಗಳ ಇಎಂಐ ಬರೋ ಹೊತ್ತಿಗೆ ಏನಾಗುತ್ತೆ ಅಂತ ಎಲ್ಲರಿಗೂ ಗೊತ್ತು. ಇನ್ನೊಂದು ಕಡೆ, ಮಸ್ಕಿಯಲ್ಲಿ 1915ರಲ್ಲಿ ಸಿಕ್ಕ ಅಶೋಕನ ಶಾಸನ ಇದೆ. ಆ ದೊರೆಯ ಹೆಸರನ್ನೇ ಹೊತ್ತ ಶಾಸನ ಮೊದಲು ಸಿಕ್ಕಿದ್ದು ಅಲ್ಲೇ. ದೊಡ್ಡವರಷ್ಟೇ ಅಲ್ಲ, ಸಣ್ಣವನೂ ಸಾಧಿಸಬಲ್ಲ ಅನ್ನೋದು ಅದರ ತಾತ್ಪರ್ಯದಲ್ಲೊಂದು. ಅದೂ ಒಳ್ಳೇ ಮಾತೇ. ಆದರೆ ಮೇಲಿಂದ ಬಂದ ಮಾತು. ಬಂಡೆ ನಿಮ್ಮ ಚೀಲದೊಳಗೆ ಇಣುಕಿ ಇವತ್ತು ಎಷ್ಟು ತಂದೆ ಅಂತ ಕೇಳೋದಿಲ್ಲ.

ಲಕ್ಕಮ್ಮ ಕೇಳುತ್ತಾಳೆ. ಇದು ಮಾರಯ್ಯನ ಮನಸ್ಸು ಎರಡಾಗಿದ್ದರಿಂದ ಬಂದ ಅಕ್ಕಿಯೋ, ಬಸವಣ್ಣನಿಗೆ ನಮ್ಮ ಮೇಲೆ ಬಂದ ಅನುಮಾನದಿಂದ ಬಂದದ್ದೋ ಅನ್ನೋದು ಅವಳ ಪ್ರಶ್ನೆಯ ಸಾರಾಂಶ. ಇದರ ಎರಡನೇ ಅರ್ಧವನ್ನು ಗಮನಿಸಿ. ಅವಳು ಗಂಡನ ಆಸೆಯನ್ನಷ್ಟೇ ಪ್ರಶ್ನಿಸೋದಿಲ್ಲ, ಬಿಜ್ಜಳನ ಭಂಡಾರಿಯ ಧಾರಾಳವನ್ನೂ ಪ್ರಶ್ನಿಸುತ್ತಾಳೆ. ಇವರಿಗೆ ಸಾಲದು ಅಂತ ನೀವು ಯಾಕೆ ಅಂದುಕೊಂಡಿರಿ? ಅಂಕಿತದಲ್ಲಿ ಗಂಡನ ಹೆಸರಿಟ್ಟುಕೊಂಡ ಹೆಣ್ಣುಮಗಳು ಗಂಡನನ್ನೂ, ಇಡೀ ಕಲ್ಯಾಣದ ಹಿರಿಯನನ್ನೂ ಒಂದೇ ಉಸಿರಿನಲ್ಲಿ ವಿಚಾರಣೆಗೆ ನಿಲ್ಲಿಸುತ್ತಾಳೆ. ಶರಣರ ಕೂಟದ ನಿಜವಾದ ಗುಣ ನನಗೆ ಕಾಣಿಸೋದು ಇಲ್ಲಿ. ಮೋಳಿಗೆ ಮಾರಯ್ಯನ ಕತೆಯಲ್ಲೂ ಹೀಗೇ: ಸೌದೆ ಮಾರಿ ಬದುಕೋ ಅವನ ಮನೆಯಲ್ಲಿ ಬಸವಣ್ಣ ಗುಟ್ಟಾಗಿ ಹೊನ್ನು ಇಟ್ಟು ಬರುತ್ತಾನೆ, ಅವನು ಅದನ್ನ ಮುಟ್ಟದೆ ಜಂಗಮರಿಗೆ ಹಂಚಿಬಿಡುತ್ತಾನೆ. ಜೊತೆಗಾರರು ಕೊಡೋ ಸಹಾಯ ಕೂಡ ಹೊರೆ ಆಗಬಹುದು ಅಂತ ಅವರಿಗೆ ಗೊತ್ತಿತ್ತು.

ಇದು ಬರೀ ಪುಸ್ತಕದ ಮಾತಲ್ಲ. ನಮ್ಮ ದೊಡ್ಡಪ್ಪನ ಮಗ ಸಿಂಧನೂರಿನಲ್ಲಿ ಒಬ್ಬನೇ ಕೂತು ಅಂಗಡಿಗಳ ಲೆಕ್ಕ, ಜಿಎಸ್‌ಟಿ ನೋಡಿಕೊಳ್ತಾನೆ. ತುಂಗಭದ್ರಾ ಎಡದಂಡೆ ಕಾಲುವೆ ನೀರಿನಿಂದ ಭತ್ತ, ಭತ್ತದಿಂದ ರೈಸ್ ಮಿಲ್ಲು, ಅವುಗಳ ಸುತ್ತ ಗೊಬ್ಬರದ ಅಂಗಡಿ, ಟ್ರ್ಯಾಕ್ಟರ್ ಸಾಮಾನಿನ ಅಂಗಡಿ. ಕೆಲಸಕ್ಕೆ ಬರ ಇಲ್ಲ. 2017ರ ಜುಲೈನಲ್ಲಿ ಜಿಎಸ್‌ಟಿ ಬಂದ ಮೇಲೆ ಗಿರಾಕಿಗಳು ಹೆಚ್ಚಾದರು. ಜೊತೆಗೆ ಪಾನ್ ಕಾರ್ಡ್, ಪಹಣಿ, ಬೆಳೆ ವಿಮೆ, ಸಾಲದ ಅರ್ಜಿ ಎಲ್ಲಾ ಸೇರಿಕೊಂಡವು. ತಿಂಗಳಿಗೊಮ್ಮೆ ರಿಟರ್ನ್ ಹಾಕೋರದ್ದು 11ನೇ ತಾರೀಖಿಗೆ ಮಾರಾಟದ ವಿವರ, 20ಕ್ಕೆ 3ಬಿ. ಅದರ ಮಧ್ಯೆ ವಿಮೆ ಕಟ್ಟೋ ರೈತರ ಸಾಲು. ಅವನಿಗೆ ಮಸ್ಕಿ, ಲಿಂಗಸುಗೂರಿನಲ್ಲಿ ಇದೇ ಕೆಲಸ ಮಾಡೋ ಮೂವರು ಜೊತೆಗಾರರಿದ್ದಾರೆ. ತಿಂಗಳಿಗೊಮ್ಮೆ, ಗಡುವು ಮುಗಿದ ಮೇಲಿನ ಭಾನುವಾರ, ಮಸ್ಕಿಯಲ್ಲಿ ಚಹಾಕ್ಕೆ ಸೇರ್ತಾರೆ. ಒಮ್ಮೆ ಅವರಲ್ಲಿ ಹಿರಿಯರು ಇವನ ಗಿರಾಕಿಗಳ ಪಟ್ಟಿ ನೋಡಿ, “ಏ ತಮ್ಮಾ, ಎಲ್ಲಾ ನೀನ ಮಾಡಿದ್ರ ಯಾವಾಗ ಮಕ್ಕೊಂತಿ? ಲೆಕ್ಕ ಅಷ್ಟ ಇಟ್ಕೋ, ಉಳಿದದ್ದು ಬಿಡು” ಅಂದರಂತೆ.

ಇವನಿಗೆ ತಕ್ಷಣ ಬಂದ ಅನುಮಾನ ಸಹಜವಾದದ್ದು: ನಾನು ಬಿಟ್ಟ ಗಿರಾಕಿ ಯಾರ ಕಡೆ ಹೋಗ್ತಾನ? ಅದನ್ನ ಬಾಯಿಬಿಟ್ಟೇ ಕೇಳಿದ. ಆ ಹಿರಿಯರು ಮೊದಲು ತಮ್ಮ ಪಟ್ಟಿ ತೆಗೆದು, ತಾವು ಬಿಡೋ ಕೆಲಸಕ್ಕೆ ಗೆರೆ ಎಳೆದರಂತೆ. ಅರ್ಜಿ ಕೆಲಸ ಒಬ್ಬರಿಗೆ, ಆದಾಯ ತೆರಿಗೆ ಒಬ್ಬರಿಗೆ, ಜಿಎಸ್‌ಟಿ ಇಬ್ಬರಿಗೆ ಅಂತ ಹಂಚಿಕೊಂಡರು. ಯಾರಾದರೂ ಜ್ವರ ಬಂದು ಮಲಗಿದರೆ 20ನೇ ತಾರೀಖು ಇನ್ನೊಬ್ಬರು ಕೂತು ರಿಟರ್ನ್ ಹಾಕ್ತಾರೆ. ಮೊದಲ ಕೆಲವು ತಿಂಗಳು ಕೈಗೆ ಬರೋ ದುಡ್ಡು ಕಡಿಮೆ ಆಯ್ತು. ಅದನ್ನ ಅವನು ಮುಚ್ಚಿಡಲ್ಲ. ಈಗ ಹೊಸ ಗಿರಾಕಿ ಬಂದರೆ ಇದು ನನ್ನ ಕೆಲಸ ಅಲ್ಲ, ಇವರ ಹತ್ರ ಹೋಗ್ರಿ ಅಂತ ನಂಬರ್ ಕೊಡ್ತಾನೆ.

ನನ್ನ ಮಟ್ಟಿಗೆ ಲಕ್ಕಮ್ಮನ ಅಧ್ಯಾಯಕ್ಕೆ ಇದೇ ಸರಿಯಾದ ವ್ಯಾಖ್ಯಾನ. ಅಕ್ಕಿ ವಾಪಸ್ ಸುರಿದರೆ ಮಾರಯ್ಯನ ತಟ್ಟೆಯಷ್ಟೇ ಅಲ್ಲ, ಅವಳ ತಟ್ಟೆಯೂ ಖಾಲಿ. ಅದಕ್ಕೇ ಅವಳ ‘ಸಾಕು’ಗೆ ತೂಕ. ಬೆಂಗಳೂರಿನಲ್ಲಿ ನಾವು ದುಡ್ಡು ಕೊಟ್ಟು ಸೇರೋ ಫ್ರೀಲ್ಯಾನ್ಸರ್ ಕೂಟಗಳಲ್ಲಿ ಸಲಹೆಗಳಿಗೆ ಕೊರತೆ ಇಲ್ಲ. ರೇಟು ಏರಿಸು, ಕೋರ್ಸ್ ಮಾರು, ನಾಲ್ಕು ಜನರನ್ನ ಕೆಲಸಕ್ಕೆ ಇಟ್ಟುಕೋ. ನಾವು ಅದನ್ನ ಕೇಳಿ ಬೆಳೆದರೂ ಮುಳುಗಿದರೂ ಹೇಳಿದವರ ತಟ್ಟೆಯಲ್ಲಿ ಒಂದು ಕಾಳು ಕಡಿಮೆ ಆಗಲ್ಲ. ಅದು ಜೊತೆಗಾರಿಕೆ ಅಲ್ಲ, ಪ್ರೇಕ್ಷಕರ ಸಾಲು.

ಅಧ್ಯಾಯದ ಬಗ್ಗೆ ನನಗೆ ಎರಡು ತಕರಾರುಗಳಿವೆ. ಒಂದು, ಕೊನೆಯ ಪವಾಡ. ಲಕ್ಕಮ್ಮ ಉಳಿದ ಸ್ವಲ್ಪ ಅಕ್ಕಿಯಲ್ಲೇ 1,96,000 ಜಂಗಮರಿಗೆ ಊಟ ಹಾಕಿದಳು ಅಂತ ಕತೆ. ಭಕ್ತರಿಗೆ ಅದೇ ಶಿಖರ. ನನಗೆ ಅದು ವಾದವನ್ನು ಸಡಿಲ ಮಾಡಿದಂತೆ ಕಾಣುತ್ತೆ. ವಾಪಸ್ ಕೊಟ್ಟರೆ ನೂರು ಪಟ್ಟು ಬರುತ್ತೆ ಅಂದುಬಿಟ್ಟರೆ, ವಾಪಸ್ ಕೊಡೋದೂ ಒಂದು ಹೂಡಿಕೆ ಆಯಿತಲ್ಲ? ಕಡಿಮೆ ಮಾಡಿದರೆ ಕಡಿಮೆಯೇ ಆಗುತ್ತೆ. ಅದನ್ನ ಒಪ್ಪಿಕೊಂಡೂ ಕಡಿಮೆ ಮಾಡೋದರಲ್ಲಿ ಅವಳ ಧೈರ್ಯ ಇರೋದು.

ಎರಡನೆಯದು ಇನ್ನೂ ಗಂಭೀರ. ‘ಸಾಕು’ ಅನ್ನೋ ಮಾತನ್ನು ಯಾರಿಗೆ ಹೇಳ್ತೀವಿ? ಚಿನ್ನದ ಗಣಿ ಇರೋ ಹಟ್ಟಿ ಇರೋದೂ ಲಿಂಗಸುಗೂರು ತಾಲೂಕಿನಲ್ಲೇ. ಅದೇ ಸೀಮೆಯ ಮಳೆ ನಂಬಿದ ಹಳ್ಳಿಗಳಿಂದ ಜನ ಬೆಂಗಳೂರಿಗೆ ಗುಳೇ ಬಂದು, ನಮ್ಮ ಅಪಾರ್ಟ್‌ಮೆಂಟುಗಳಿಗೆ ಇಟ್ಟಿಗೆ ಹೊರ್ತಾರೆ. ಅವರಿಗೆ ಲಕ್ಕಮ್ಮನ ಕತೆ ಹೇಳಿದರೆ ಅದು ಉಪದೇಶ ಅಲ್ಲ, ಅವಮಾನ. ಶುದ್ಧ ಮನಸ್ಸಿನಿಂದ ದುಡಿಯೋನಿಗೆ ಬಡತನ ಇಲ್ಲ ಅನ್ನೋ ಅರ್ಥದ ವಚನ ಅವಳದ್ದೇ ಇದೆ. ಅದನ್ನು ಇವತ್ತು ಕೂಲಿ ಕೊಡೋನ ಬಾಯಿಂದ ಕೇಳಿದರೆ ಹೇಗಿರುತ್ತೆ ಅಂತ ಯೋಚಿಸಿ. ಆದರೆ ಲಕ್ಕಮ್ಮ ಹೇಳಿದ್ದು ಬೇರೆಯವರ ಹಸಿವಿಗೆ ಅಲ್ಲ. ಅವತ್ತಿನ ದಾಸೋಹಕ್ಕೆ ಬೇಕಾದಷ್ಟು ಆದ ಮೇಲೆ ಉಳಿದ ಅಕ್ಕಿಯ ಬಗ್ಗೆ, ತನ್ನದೇ ಮನೆಯೊಳಗೆ. ಮಾತು ಅದೇ ಇದ್ದರೂ, ಮೇಲೆ ಕೂತವರು ಕೆಳಗಿನವರಿಗೆ ಹೇಳಿದ ಕೂಡಲೇ ಅರ್ಥ ತಿರುಗಿಬಿಡುತ್ತೆ.

ಹಾಗಾಗಿ ಈ ಅಧ್ಯಾಯವನ್ನು ಓದಬೇಕಾದವರು ಗುಳೇ ಹೋಗೋರಲ್ಲ, ನಾವು. ಮನೆಗೆ ಬೇಕಾದಷ್ಟು ಬಂದ ಮೇಲೂ ರಾತ್ರಿ ಹನ್ನೊಂದರ ಫೋನ್ ಎತ್ತೋರು. ಈ ತಿಂಗಳು ಒಂದು ಕೆಲಸ ಮಾಡಿ ನೋಡಿ: ನಿಮ್ಮದೇ ಕಸುಬಿನ ಇಬ್ಬರು ಮೂವರನ್ನ ಕೂಡಿಸಿ, ಪಟ್ಟಿ ಮೇಜಿನ ಮೇಲಿಟ್ಟು, ಇದರಲ್ಲಿ ಯಾವುದು ಹೆಚ್ಚಾದ ಅಕ್ಕಿ ಅಂತ ಕೇಳಿ. ಉತ್ತರ ಹೇಳೋರು ಮೊದಲು ತಮ್ಮ ಪಟ್ಟಿ ಹೊರಗೆ ತೆಗೀತಾರಾ, ಅದನ್ನೂ ನೋಡಿ.