ಠಕ್ಕನ ಪಶ್ಚಾತ್ತಾಪವನ್ನು ಓದುವ ಬಗೆ

ತಿರುವನಂತಪುರದ ಚಾಲೈ ಪೇಟೆಯಲ್ಲಿ ಅಕ್ಕಿ ಕೊಳ್ಳಲು ಹೋದರೆ ನಾವು ಅಂಗಡಿಯವನ ಮಾತನ್ನು ನಂಬಿ ಚೀಲ ಹೊರಿಸಿಕೊಂಡು ಬರುವುದಿಲ್ಲ. ಬೊಗಸೆಯಲ್ಲಿ ಹಿಡಿದು ನೋಡುತ್ತೇವೆ, ಮೂಸುತ್ತೇವೆ, ಎರಡು ಕಾಳು ಬಾಯಿಗೆ ಹಾಕಿಕೊಳ್ಳುತ್ತೇವೆ. ದಿವಾನ ರಾಜಾ ಕೇಶವದಾಸರು ಹದಿನೆಂಟನೆಯ ಶತಮಾನದಲ್ಲಿ ಕಟ್ಟಿಸಿದ ಆ ಪೇಟೆ ಇಂದಿಗೂ ಇಂಥ ಪರೀಕ್ಷೆಯ ಮೇಲೆಯೇ ನಡೆದಿದೆ. ಆದರೆ ಒಬ್ಬ ಮೋಸಗಾರ ಮುಂದೆ ಬಂದು, “ನಾನು ಹೀಗೆ ಹೀಗೆ ವಂಚಿಸಿದೆ, ಈಗ ಸರಿಹೋಗಿದ್ದೇನೆ” ಎಂದರೆ ಸಾಕು, ಆ ಸರಕನ್ನು ನಾವು ಮುಟ್ಟಿಯೂ ನೋಡದೆ ಕೊಂಡುಬಿಡುತ್ತೇವೆ. ಇದೇಕೆ ಎಂಬುದೇ ಈ ಲೇಖನದ ವಿಚಾರ.

ಈ ಬಗೆಯ ಕಥೆಗಳಲ್ಲಿ ಲೋಕಪ್ರಸಿದ್ಧವಾದುದು ಅಮೆರಿಕದ ಫ್ರಾಂಕ್ ಅಬಗ್‌ನೇಲ್‌ನದು. 1980ರಲ್ಲಿ ಸ್ಟಾನ್ ರೆಡ್ಡಿಂಗ್ ಎಂಬ ಲೇಖಕನೊಡನೆ ಸೇರಿ ಬರೆದ ‘ಕ್ಯಾಚ್ ಮಿ ಇಫ್ ಯೂ ಕ್ಯಾನ್’ ಎಂಬ ಪುಸ್ತಕವನ್ನು ಸ್ಟೀವನ್ ಸ್ಪೀಲ್‌ಬರ್ಗ್ 2002ರಲ್ಲಿ ಚಲನಚಿತ್ರ ಮಾಡಿದರು. ನಮ್ಮ ಮನೆಗಳ ಹುಡುಗರೂ ಅದನ್ನು ನೋಡಿ ಚಪ್ಪಾಳೆ ತಟ್ಟಿದ್ದಾರೆ. ಹದಿನಾರು ವರ್ಷಕ್ಕೆ ಮನೆ ಬಿಟ್ಟ ಹುಡುಗ ವಿಮಾನ ಚಾಲಕನಾಗಿ, ವೈದ್ಯನಾಗಿ, ವಕೀಲನಾಗಿ ವೇಷ ಹಾಕಿ, ಇಪ್ಪತ್ತೊಂದರೊಳಗೆ ಇಪ್ಪತ್ತೈದು ಲಕ್ಷ ಡಾಲರುಗಳ ಖೋಟಾ ಚೆಕ್ಕುಗಳನ್ನು ಹರಿಬಿಟ್ಟನಂತೆ. ಆಮೇಲೆ ಸೆರೆಮನೆ, ಪಶ್ಚಾತ್ತಾಪ, ಬ್ಯಾಂಕುಗಳಿಗೆ ವಂಚನೆ ತಡೆಯುವ ಬಗ್ಗೆ ಉಪನ್ಯಾಸ.

ಪುಸ್ತಕ ಓದಿಸಿಕೊಂಡು ಹೋಗುತ್ತದೆ, ಸಂಶಯವಿಲ್ಲ. ಆದರೆ 1978ರಲ್ಲಿಯೇ ಸ್ಯಾನ್‌ಫ್ರಾನ್ಸಿಸ್ಕೋ ಕ್ರಾನಿಕಲ್ ಪತ್ರಿಕೆ ಈ ಕಥೆಯನ್ನು ಶಂಕಿಸಿತ್ತು. ಅಲನ್ ಲೋಗನ್ 2020ರಲ್ಲಿ ಪ್ರಕಟಿಸಿದ ಪುಸ್ತಕದಲ್ಲಿ ಸೆರೆಮನೆಯ ದಾಖಲೆಗಳನ್ನೇ ಮುಂದಿಟ್ಟರು. ದೇಶ ದೇಶ ಸುತ್ತುತ್ತಿದ್ದೆನೆಂದು ಈತ ಹೇಳಿಕೊಂಡ ಕಾಲದ ಬಹುಭಾಗ, ಅಂದರೆ 1965ರಿಂದ 1968ರವರೆಗೆ, ಈತ ನ್ಯೂಯಾರ್ಕ್ ಪ್ರಾಂತ್ಯದ ಬಂದೀಖಾನೆಯಲ್ಲಿದ್ದ. ತಾನು ಬಡಪಾಯಿಗಳನ್ನು ಮುಟ್ಟಲಿಲ್ಲ, ದೊಡ್ಡ ಸಂಸ್ಥೆಗಳಿಗೆ ಮಾತ್ರ ಟೋಪಿ ಹಾಕಿದೆ ಎಂಬುದು ಈತನ ದೊಡ್ಡಸ್ತಿಕೆ. ಆದರೆ 1969ರಲ್ಲಿ ಲೂಸಿಯಾನಾದಲ್ಲಿ ತನ್ನನ್ನು ಮನೆಗೆ ಕರೆದು ಅನ್ನ ಹಾಕಿದ ಒಂದು ಸಾಮಾನ್ಯ ಕುಟುಂಬದ ಚೆಕ್ಕುಗಳನ್ನೇ ಈತ ಕದ್ದಿದ್ದ. ಸಹಲೇಖಕ ಕಥೆಗೆ ಬಣ್ಣ ಕಟ್ಟಿದ ಎಂದು ಈತ ಹಿಂದೆಯೇ ಹೇಳಿಕೊಂಡದ್ದುಂಟು. ಉಪನ್ಯಾಸ ವೇದಿಕೆಯ ಮೇಲೆ ಆ ಬಣ್ಣ ತೊಳೆದುಹೋಗಲಿಲ್ಲ ಎಂಬುದೂ ಅಷ್ಟೇ ನಿಜ.

ಈ ಪುಸ್ತಕದ ನಿಜವಾದ ದೋಷ ಸುಳ್ಳು ಹೇಳಿದ್ದಷ್ಟೇ ಅಲ್ಲ. ಅದರಲ್ಲಿ ಮೋಸಹೋದವರಿಗೆ ಮುಖವಿಲ್ಲ. ಬ್ಯಾಂಕಿನ ಕೌಂಟರು ಇದೆ, ಹೋಟೆಲಿನ ಕೋಣೆ ಇದೆ, ಮರುಳಾದ ಹೆಣ್ಣುಗಳಿದ್ದಾರೆ. ಆದರೆ ಬೆಳಿಗ್ಗೆ ಎದ್ದು, “ಅಯ್ಯೋ, ಮಗನಂತೆ ನೋಡಿಕೊಂಡೆವಲ್ಲ” ಎಂದು ಕೂತ ತಾಯಿ ಇಲ್ಲ. ಅವಳಿಲ್ಲದ ಪಶ್ಚಾತ್ತಾಪ ಬರಿಯ ಶೌರ್ಯಕಥನ.

ದೂರದ ಅಮೆರಿಕ ಏಕೆ? ದೆಹಲಿಯ ಕಡೆಯ ಬಂಟಿ ಚೋರ್, ಅಂದರೆ ದೇವಿಂದರ್ ಸಿಂಗ್, ನಮ್ಮೂರಿಗೇ ಬಂದಿದ್ದನಷ್ಟೆ. ಈತನ ಕಳವುಗಳಿಂದ ಸ್ಫೂರ್ತಿ ಪಡೆದು 2008ರಲ್ಲಿ ‘ಓಯ್ ಲಕ್ಕಿ! ಲಕ್ಕಿ ಓಯ್!’ ಎಂಬ ಹಿಂದಿ ಚಿತ್ರ ಬಂತು. 2010ರಲ್ಲಿ ಬಿಗ್ ಬಾಸ್ ಎಂಬ ಟೆಲಿವಿಷನ್ ಕಾರ್ಯಕ್ರಮ ಈತನನ್ನು ಸ್ಪರ್ಧಿಯಾಗಿ ಕೂರಿಸಿಕೊಂಡಿತು. 2013ರ ಜನವರಿಯಲ್ಲಿ ಅದೇ ಮನುಷ್ಯ ತಿರುವನಂತಪುರದ ಒಂದು ಮನೆಗೆ ನುಗ್ಗಿ ಕಾರನ್ನೇ ಹೊಡೆದುಕೊಂಡು ಹೋದ. ಕೆಲವೇ ದಿನಗಳಲ್ಲಿ ಪುಣೆಯಲ್ಲಿ ಸಿಕ್ಕಿಬಿದ್ದ. 2017ರಲ್ಲಿ ನ್ಯಾಯಾಲಯ ಹತ್ತು ವರ್ಷಗಳ ಶಿಕ್ಷೆ ವಿಧಿಸಿತು. ಕಳ್ಳ ಸುಧಾರಿಸಲಾರ ಎಂದು ನಾವು ಹೇಳುತ್ತಿಲ್ಲ. ಕ್ಯಾಮರಾದ ಮುಂದೆ ಕೂತದ್ದನ್ನೇ ಸುಧಾರಣೆಯೆಂದು ತಿಳಿಯಬಾರದು ಎನ್ನುತ್ತಿದ್ದೇವೆ.

ಇದಕ್ಕೆ ಹೋಲಿಸಿದರೆ ಮಲಯಾಳದ ‘ತಸ್ಕರನ್: ಮಣಿಯನ್ ಪಿಳ್ಳೆಯ ಆತ್ಮಕಥೆ’ ಬೇರೆ ಜಾತಿಯದು. ಕೊಲ್ಲಂ ಕಡೆಯ ಒಬ್ಬ ಕಳ್ಳ ಹೇಳಿದ್ದನ್ನು ಕಥೆಗಾರ ಜಿ. ಆರ್. ಇಂದುಗೋಪನ್ ಅವರು ಬರೆದುಕೊಂಡದ್ದು. ನಮಗೆ ಇದು ಹತ್ತಿರದ್ದೆನಿಸಲು ಇನ್ನೊಂದು ಕಾರಣವಿದೆ. ಈ ಮನುಷ್ಯ ಕೆಲಕಾಲ ಮೈಸೂರಿನಲ್ಲಿ ತನ್ನ ಗುರುತು ಮರೆಸಿ ಗಣ್ಯ ವ್ಯಾಪಾರಿಯಾಗಿ ಬಾಳಿದವನು. ಕೇರಳದ ಪೊಲೀಸರು ಅಲ್ಲಿಗೂ ಬಂದರು. ಮರ್ಯಾದೆಯ ಅಂಗಿಯೊಳಗೆ ಕುಳಿತು ಬಾಗಿಲ ಸದ್ದಿಗೆ ಬೆಚ್ಚುವ ಬಾಳು ಅದು. ಅಬಗ್‌ನೇಲ್‌ನ ಕಥೆಯ ಕೊನೆಗೆ ಬಹುಮಾನವಿದೆ. ಈ ಕಥೆಯ ಕೊನೆಗೆ ಅಂಥದೇನೂ ಇಲ್ಲ. ಅದರಿಂದಲೇ ಇದನ್ನು ಹೆಚ್ಚು ನಂಬಬಹುದೆಂದು ನಮಗೆ ತೋರುತ್ತದೆ.

ನಮ್ಮ ಪರಂಪರೆಯಲ್ಲಿ ಪಶ್ಚಾತ್ತಾಪಕ್ಕೆ ಅಳತೆಗೋಲಿದೆ. ದಾರಿಗಳ್ಳನಾಗಿದ್ದ ವಾಲ್ಮೀಕಿ ಹುತ್ತದಿಂದೆದ್ದು ಬಂದು ಬರೆದದ್ದು ತನ್ನ ದರೋಡೆಗಳ ಕಥೆಯನ್ನಲ್ಲ, ರಾಮನ ಕಥೆಯನ್ನು. ಮೂಗುತಿಯ ಪ್ರಸಂಗದಿಂದ ಕಣ್ಣು ತೆರೆದ ಜಿಪುಣ ಶ್ರೀನಿವಾಸ ನಾಯಕ ಮೊದಲು ಮಾಡಿದ ಕೆಲಸ ತನ್ನ ಸಂಪತ್ತನ್ನೆಲ್ಲ ಕೊಟ್ಟುಬಿಟ್ಟದ್ದು. ತಂಬೂರಿ ಹಿಡಿದದ್ದು ಆಮೇಲೆ. ಐತಿಹ್ಯಗಳಿರಬಹುದು, ಆದರೆ ಅವುಗಳ ವಿವೇಕ ದೊಡ್ಡದು. ಮೊದಲು ಹಿಂದಿರುಗಿಸು, ಆಮೇಲೆ ಹಾಡು.

ಇಷ್ಟಾಗಿಯೂ ನ್ಯಾಯ ಹೇಳಬೇಕು. ಬಾಳು ಸುಳ್ಳಾದ ಮಾತ್ರಕ್ಕೆ ಬುದ್ಧಿವಾದವೆಲ್ಲ ಸುಳ್ಳಲ್ಲ. ವಂಚಕ ಮೊದಲು ನಮ್ಮ ಭಯವನ್ನೋ ಆಸೆಯನ್ನೋ ಕೆರಳಿಸುತ್ತಾನೆ, ಆಮೇಲೆ ಅವಸರ ಮಾಡುತ್ತಾನೆ ಎಂಬ ಮಾತು ಯಾರು ಹೇಳಿದರೂ ದಿಟವೇ. 2021ರಲ್ಲಿ ವಂಚನೆಯ ಆರೋಪದ ಮೇಲೆ ಬಂಧಿತನಾದ ಮಾನ್ಸನ್ ಮಾವುಂಗಲ್ ಕೊಚ್ಚಿಯಲ್ಲಿ ಜನರಿಗೆ ತೋರಿಸುತ್ತಿದ್ದುದು ಏನನ್ನು? ಟಿಪ್ಪು ಸುಲ್ತಾನನ ಸಿಂಹಾಸನವನ್ನು! ಹಿರಿಯ ಪೊಲೀಸ್ ಅಧಿಕಾರಿಯೂ ಅದರ ಮೇಲೆ ಕುಳಿತು ಫೋಟೋ ತೆಗೆಸಿಕೊಂಡರು. ಶ್ರೀರಂಗಪಟ್ಟಣ ಬಿದ್ದ 1799ರಲ್ಲಿಯೇ ಆಂಗ್ಲರು ಆ ಸಿಂಹಾಸನವನ್ನು ಒಡೆದು ಹಂಚಿಕೊಂಡರೆಂಬುದನ್ನೂ, ಅದರ ಹುಲಿಯ ತಲೆ ವಿಂಡ್ಸರ್ ಅರಮನೆ ಸೇರಿತೆಂಬುದನ್ನೂ ಬಲ್ಲ ಒಬ್ಬ ಕನ್ನಡಿಗ ಅಲ್ಲಿದ್ದಿದ್ದರೆ ನಾಟಕ ಅಲ್ಲಿಗೇ ಮುಗಿಯುತ್ತಿತ್ತು. ಇತಿಹಾಸ ಓದುವುದೂ ಒಂದು ಬೀಗವೇ.

ಕೊನೆಯದಾಗಿ ನಮ್ಮ ಮನೆಯ ಮಾತು. ಪರಊರಿನಲ್ಲಿರುವ ನಮಗೆ ಒಂದು ದೌರ್ಬಲ್ಯವಿದೆ. ಬಸ್ಸಿನಲ್ಲಿ ಯಾರಾದರೂ “ನೀವು ಕನ್ನಡದವರಾ? ನಮ್ಮದೂ ಆ ಕಡೆಯೇ” ಎಂದರೆ ಸಾಕು, ಕಾಫಿಗೆ ಕರೆಯುತ್ತೇವೆ, ಮೂರನೆಯ ಭೇಟಿಗೆ ಉಳಿತಾಯದ ವಿಚಾರ ಬರುತ್ತದೆ. ಕಾಫಿ ಕೊಡಿ, ಬೇಡವೆನ್ನುವುದಿಲ್ಲ. ಆದರೆ ಠೇವಣಿ ಕೇಳಿದವರು ಯಾವ ಸಂಸ್ಥೆಯವರೆಂದು ರಿಸರ್ವ್ ಬ್ಯಾಂಕಿನ ‘ಸಚೇತ್’ ವ್ಯವಸ್ಥೆಯಲ್ಲಿ ವಿಚಾರಿಸಿ. ಟೆಲಿಫೋನಿನಲ್ಲಿ ಪೊಲೀಸನೆಂದು ಗದರಿಸಿ “ನಿಮ್ಮನ್ನು ಬಂಧಿಸಿದ್ದೇವೆ” ಎನ್ನುವವನು ಪೊಲೀಸನಲ್ಲ, ಅಂಥ ಬಂಧನ ಕಾನೂನಿನಲ್ಲೇ ಇಲ್ಲ. ಹಣ ಹೋಯಿತೆಂದರೆ ನಾಚಿಕೆಪಡದೆ ತಕ್ಷಣ 1930ಕ್ಕೆ ತಿಳಿಸಿ. ಮೋಸಹೋದವರು ನಾಚಿ ಬಾಯಿ ಮುಚ್ಚಿಕೊಳ್ಳುವುದೇ ಠಕ್ಕನ ಮೂಲ ಬಂಡವಾಳ.

ವಂಚಕನ ಕಥೆಯನ್ನು ಓದಬಾರದೆಂದಲ್ಲ. ಅದನ್ನು ಮುಚ್ಚಿಟ್ಟ ಮೇಲೆ, ಮೋಸಹೋದವರು ತಮ್ಮ ಕಥೆಯನ್ನು ಎಲ್ಲಿ ಹೇಳಿಕೊಂಡಾರು ಎಂದು ಒಂದು ಗಳಿಗೆ ಯೋಚಿಸೋಣ. ನಮ್ಮ ಸಂಘದ ಜಗಲಿ ಅಂಥವರಿಗೆ ತೆರೆದಿರಲಿ.