ಹುಸೇನ್ ಸಾಗರದ ಬುದ್ಧ

ಹೈದರಾಬಾದಿನ ಹುಸೇನ್ ಸಾಗರದ ನಡುವೆ ನಿಂತ ಬುದ್ಧನನ್ನು ದಡದಿಂದ ನೋಡಿದರೆ ಅಷ್ಟೇನೂ ದೊಡ್ಡದೆನಿಸುವುದಿಲ್ಲ. ಸುಮಾರು 58 ಅಡಿ ಎತ್ತರದ, 300 ಟನ್ನಿಗೂ ಮಿಕ್ಕಿದ ಏಕಶಿಲಾ ಮೂರ್ತಿ ಅದು. ಆದರೂ ಸುತ್ತಲಿನ ನೀರಿನ ಹರವು ಅದನ್ನು ಚಿಕ್ಕದಾಗಿಸಿಬಿಡುತ್ತದೆ. ಲುಂಬಿನಿ ಪಾರ್ಕಿನಿಂದ ದೋಣಿ ಹತ್ತಿ ಪೀಠದ ಬುಡಕ್ಕೆ ಹೋದರೆ ಇನ್ನೊಂದು ತೊಂದರೆ. ಕತ್ತು ನೋಯುವಷ್ಟು ಮೇಲೆ ನೋಡಿದರೂ ಗಲ್ಲ ಕಾಣುತ್ತದೆಯೇ ಹೊರತು ಮುಖದ ಶಾಂತಿ ಕಾಣುವುದಿಲ್ಲ. ದೋಣಿ ಅರ್ಧ ದಾರಿಯಲ್ಲಿರುವಾಗ ಮಾತ್ರ, ಒಂದೆರಡು ನಿಮಿಷ, ಮುಖ, ಎತ್ತಿದ ಬಲಗೈ, ಮೈಗಂಟಿದ ಚೀವರ ಎಲ್ಲವೂ ಒಂದಕ್ಕೊಂದು ಹೊಂದಿಕೊಳ್ಳುತ್ತವೆ. ನೀರು ಈ ಶಿಲ್ಪಕ್ಕೆ ಕೊಟ್ಟಿರುವುದು ಆ ಎರಡು ನಿಮಿಷ.

ಗಣಪತಿ ಸ್ಥಪತಿಯವರ ಕೆಲಸದಲ್ಲಿ ಸಂಯಮವಿದೆ. ಒಂದೇ ಕಲ್ಲಿನಲ್ಲಿ ಕೈಯನ್ನು ಹೊರಗೆ ಚಾಚಿಸಿದರೆ ಮುರಿಯುವ ಭಯ. ಅಭಯಹಸ್ತವನ್ನು ಅವರು ಮೈಗೆ ಹತ್ತಿರವೇ ಇರಿಸಿದ್ದಾರೆ. ಎಲ್ಲಿಯೂ ಆಡಂಬರವಿಲ್ಲ. ಆಡಂಬರವಿದ್ದದ್ದು ಯೋಜನೆಯಲ್ಲಿ. ನ್ಯೂಯಾರ್ಕಿನ ಸ್ವಾತಂತ್ರ್ಯ ದೇವತೆಯನ್ನು ಕಂಡು ಬಂದ ಮುಖ್ಯಮಂತ್ರಿ ಎನ್.ಟಿ. ರಾಮರಾವ್ ಅವರಿಗೆ ತಮ್ಮ ನಗರಕ್ಕೂ ಅಂಥದ್ದೊಂದು ಬೇಕೆನಿಸಿತ್ತು.

ನಮ್ಮ ಶ್ರವಣಬೆಳಗೊಳದ ಗೊಮ್ಮಟ ಎತ್ತರದಲ್ಲಿ ಹೆಚ್ಚುಕಡಿಮೆ ಇದರ ಜೋಡಿ. ಹತ್ತನೆಯ ಶತಮಾನದ ಆ ಶಿಲ್ಪಿಗಳು ಬಂಡೆ ಇದ್ದಲ್ಲಿಯೇ ಕಡೆದರು. ಮೆಟ್ಟಿಲು ಹತ್ತುವ ಶ್ರಮ ನೋಡುವವರ ಪಾಲಿಗೆ ಬಂತು. ಇಲ್ಲಿ ನಲ್ಗೊಂಡದ ಕಡೆಯ ರಾಯಗಿರಿಯ ಕಲ್ಲನ್ನು ಕಡೆದು, ರಸ್ತೆಯಲ್ಲಿ ತಂದು, ತೆಪ್ಪಕ್ಕೇರಿಸಿ ಕೆರೆಯೊಳಗೆ ಸಾಗಿಸಬೇಕಾಯಿತು. 1990ರ ಮಾರ್ಚ್ 10ರಂದು ದಡ ಬಿಟ್ಟು ಸ್ವಲ್ಪವೇ ದೂರದಲ್ಲಿ ತೆಪ್ಪ ವಾಲಿತು. ಮೂರ್ತಿ ಮುಳುಗಿತು, ಜೊತೆಗಿದ್ದವರು ಸತ್ತರು. ಎರಡೂವರೆ ವರ್ಷಕ್ಕೂ ಹೆಚ್ಚು ಕಾಲ ಬುದ್ಧ ಕೆರೆಯ ತಳದಲ್ಲಿ ಮಲಗಿದ್ದ. 1992ರ ಡಿಸೆಂಬರ್ 1ರಂದು ಎದ್ದು ನಿಂತ. ಸತ್ತವರನ್ನು ಬಿಟ್ಟು ಈ ಕೃತಿಯ ವಿಮರ್ಶೆ ಹೇಗೆ ಸಾಧ್ಯ? ಕಲ್ಲಿಗೆ ಒಂದು ಗೀರೂ ಬೀಳಲಿಲ್ಲವೆಂದು ಹೆಮ್ಮೆಯಿಂದ ಹೇಳುವವರನ್ನು ಕೇಳಿದಾಗಲೆಲ್ಲ ನನಗೆ ಹೀಗನ್ನಿಸುತ್ತದೆ.

ಕೆರೆ ಹದಿನಾರನೆಯ ಶತಮಾನದ್ದು, ಕುತುಬ್ ಶಾಹಿ ದೊರೆ ಇಬ್ರಾಹಿಂನ ಕಾಲದ್ದು. ಹೆಸರು ಮಾತ್ರ ದೊರೆಯದಲ್ಲ, ನಿಂತು ಕಟ್ಟಿಸಿದ ಹುಸೇನ್ ಶಾ ವಲಿಯದು. ಕೆಲಸ ಮಾಡಿಸಿದವರ ಹೆಸರನ್ನಾದರೂ ಆ ಕಾಲ ಉಳಿಸಿಕೊಂಡಿತು. ಪ್ರವಾಸಿ ಕೈಪಿಡಿಗಳು ಈಗ ಅಡಿ, ಟನ್ನುಗಳ ಲೆಕ್ಕ ಕೊಡುತ್ತವೆ.

ರಾತ್ರಿ ಮೂರ್ತಿಯ ಮೇಲೆ ಬಣ್ಣದ ದೀಪ ಬಿಡುತ್ತಾರೆ. ಕಲ್ಲಿನ ಬಿಳುಪು ಅದರಲ್ಲಿ ಕೆಟ್ಟುಹೋಗುತ್ತದೆ. ಹೋಗುವುದಾದರೆ ಹಗಲಲ್ಲೇ ಹೋಗಿ, ದೋಣಿಯಲ್ಲಿ ಮುಂದಿನ ಸೀಟು ಹಿಡಿಯಿರಿ.